ಇಲ್ಲದ ಮುಟ್ಟಿನ ಮೂರು ದಿನ

ನ್ಯಾಮತಿಯ ನನ್ನ ಅತ್ತೆಮನೆಯಲ್ಲಿ ಪಡಸಾಲೆಯ ತುದಿಗೆ, ಜೋಳದ ಚೀಲ ಒಟ್ಟುವ ಜಾಗದ ಪಕ್ಕದಲ್ಲಿ, ಒಂದು ಮೂಲೆ ಇತ್ತು. ಹೊರಗಾದ ಹೆಂಗಸರು ಮೂರು ದಿನ ಅಲ್ಲೇ ಕೂರಬೇಕು. ಅವರಿಗೆಂದೇ ಒಂದು ಚಾಪೆ, ಒಂದು ಕಂಬಳಿ, ಒಂದು ತಟ್ಟೆ, ಒಂದು ಚೊಂಬು. ಆ ಮೂಲೆಯಲ್ಲಿ ನಾನು ಒಂಬತ್ತು ವರ್ಷ, ತಿಂಗಳಿಗೆ ಮೂರು ದಿನದಂತೆ ಕೂತಿದ್ದೇನೆ. ಅಷ್ಟೂ ಸಲದಲ್ಲಿ ಒಂದೇ ಒಂದು ಸಲವೂ ನಾನು ಮುಟ್ಟಾಗಿರಲಿಲ್ಲ.

ಇದನ್ನು ಕೇಳಿದವರು ನಗುತ್ತಾರೆ. ನಗಲಿ. ನನಗೂ ಈಗ ಒಂದೊಂದು ಸಲ ನಗು ಬರುತ್ತದೆ, ಆಮೇಲೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನು ಓದಿದವಳು. ಮಕ್ಕಳಿಗೆ ಪಾಠ ಹೇಳುವವಳು. ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು.

ಎಪ್ಪತ್ತರ ದಶಕದ ಆರಂಭದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆ. ಒಂದೇ ಕೋಣೆಯ ಬಾಡಿಗೆ ಮನೆ. ಜೊತೆಗೆ ಪುಟ್ಟ ಮಗಳು. ನನ್ನ ಗಂಡ ಹೊನ್ನಾಳಿಯ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಅಲ್ಲಿದ್ದಾಗಲೇ ನನಗೆ ಹೊಟ್ಟೆನೋವು ಶುರುವಾಯಿತು. ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ಎರಡು ವರ್ಷ ಹಲ್ಲು ಕಚ್ಚಿ ತಡೆದುಕೊಂಡೆ. ಒಂದು ದಿನ ತರಗತಿಯಲ್ಲೇ ಕುಸಿದು ಬಿದ್ದೆ. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಆಗ ನನಗೆ ಮೂವತ್ತೊಂದು, ಮಗಳಿಗೆ ನಾಲ್ಕು.

ಆಪರೇಷನ್ ಆದ ಮೇಲೆ ಡಾಕ್ಟರು ನನ್ನ ಹತ್ತಿರ ಏನೂ ಹೇಳಲಿಲ್ಲ. ವರಾಂಡದಲ್ಲಿ ನನ್ನ ಗಂಡನಿಗೆ ಹೇಳಿದರು. ಅವರು ಒಳಗೆ ಬಂದು ಮಂಚದ ತುದಿಯಲ್ಲಿ ಕೂತು, ನನ್ನ ಮುಖ ನೋಡದೆ, "ಗಡ್ಡೆ ಇತ್ತಂತೆ. ಎಲ್ಲಾ ತೆಗ್ದಿದಾರಂತೆ" ಅಂದರು.

"ಎಲ್ಲಾ ಅಂದ್ರೆ?"

"ಗರ್ಭಕೋಶ. ಇನ್ನು ಮಕ್ಕಳಾಗಲ್ಲ. ತಿಂಗಳು ತಿಂಗಳು ಆ ತಾಪತ್ರಯಾನೂ ಇಲ್ಲ." ಆಮೇಲೆ ಹೇಳಿದರು, "ಅವ್ವನಿಗೆ ಹೇಳೋದು ಬ್ಯಾಡ. ಗಡ್ಡೆ ತೆಗೆದ್ರು ಅಂತ ಅಷ್ಟೇ ಹೇಳಾನ."

ಅವರು ಒಬ್ಬನೇ ಮಗ. ಅತ್ತೆ ಮೊಮ್ಮಗನಿಗೆ ಕಾಯುತ್ತಿದ್ದರು. ನ್ಯಾಮತಿಯಲ್ಲಿ ಅವರ ಓಣಿಯಲ್ಲೇ ಗಂಡು ಹುಟ್ಟಲಿಲ್ಲವೆಂದು ಎರಡನೇ ಮದುವೆ ಮಾಡಿಕೊಂಡ ಮನೆ ಇತ್ತು; ಆ ಮನೆಯ ಮೊದಲನೆಯವಳು ಹಿತ್ತಲಲ್ಲಿ ಪಾತ್ರೆ ತೊಳೆಯುವುದನ್ನು ನಾನು ಊರಿಗೆ ಹೋದಾಗಲೆಲ್ಲ ನೋಡಿದ್ದೆ. ಹಾಗಾಗಿ ನನ್ನ ಗಂಡ ಹೇಳಬೇಡವೆಂದಾಗ ನನ್ನನ್ನು ಕಾಪಾಡಲೆಂದೇ ಹೇಳುತ್ತಿದ್ದಾರೆ ಎಂದುಕೊಂಡೆ. ಅವರ ಕೈ ಹಿಡಿದು ಅತ್ತುಬಿಟ್ಟೆ. ಅವತ್ತು ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂದಿತ್ತು, ಅದನ್ನು ಈಗ ಇಲ್ಲವೆನ್ನಲಾರೆ.

ಕೆಲವೇ ತಿಂಗಳಲ್ಲಿ ನ್ಯಾಮತಿಯ ಶಾಲೆಗೆ ವರ್ಗವಾಯಿತು. ಬಾಡಿಗೆ ಮನೆಯಲ್ಲಿ ಮಗಳ ಜೊತೆ ಇದ್ದಾಗ ಇಲ್ಲದ ತೊಂದರೆ ಈಗ ಎದುರಾಯಿತು. ಅತ್ತೆಮನೆಯಲ್ಲಿ ಸೊಸೆ ತಿಂಗಳಿಗೊಮ್ಮೆ ಹೊರಗಾಗದಿದ್ದರೆ ಒಂದೋ ಬಸುರಿ, ಇಲ್ಲವೋ ಗುಟ್ಟು ರಟ್ಟು. ಮೊದಲ ತಿಂಗಳು ಅತ್ತೆ ನನ್ನ ಹೊಟ್ಟೆ ಕಡೆ ಆಸೆಯಿಂದ ನೋಡಲು ಶುರುಮಾಡಿದರು. ಆ ನೋಟ ನನ್ನಿಂದ ತಡೆಯಲಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಅಡಿಗೆಮನೆಗೆ ಹೋಗದೆ ನೆಟ್ಟಗೆ ಹೋಗಿ ಆ ಮೂಲೆಯ ಚಾಪೆಯ ಮೇಲೆ ಕೂತೆ.

ಒಮ್ಮೆ ಕೂತ ಮೇಲೆ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಬೇಕಾಯಿತು. ಶಾಲೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟು ದಿನ ಲೆಕ್ಕ ಹಾಕುತ್ತಿದ್ದೆ. ಪ್ರತಿ ಸಲ ಇಪ್ಪತ್ತೆಂಟಕ್ಕೇ ಆದರೆ ಅನುಮಾನ ಬರುತ್ತದೆಂದು ಒಂದೆರಡು ದಿನ ಹಿಂದೆ ಮುಂದೆ ಮಾಡುತ್ತಿದ್ದೆ. ಒಂದು ವರ್ಷ ಬೇಕೆಂದೇ ಗೌರಿಹಬ್ಬಕ್ಕೆ ಸೇರಿಸಿಕೊಂಡೆ. ಯಾವಾಗಲೂ ಹಬ್ಬ ತಪ್ಪಿಸಿ ಬರುವ ಮುಟ್ಟನ್ನು ಯಾರು ನಂಬುತ್ತಾರೆ? ಅವತ್ತು ಎಲ್ಲರೂ ಬಾಗಿನ ಕೊಟ್ಟುಕೊಂಡರು. ನಾನು ಮೂಲೆಯಲ್ಲಿ ಕೂತು ನನ್ನ ಸುಳ್ಳಿಗೆ ನಾನೇ ದಂಡ ಕಟ್ಟಿದೆ. ನೀಲಿ ಅಂಚಿನ ಒಂದು ಹಳೆ ಸೀರೆ ಹರಿದು ಎರಡು ತುಂಡು ಮಾಡಿಟ್ಟುಕೊಂಡಿದ್ದೆ. ತಿಂಗಳು ತಿಂಗಳು ಅವನ್ನು ಸುಮ್ಮನೆ ನೀರಲ್ಲಿ ಅದ್ದಿ ಹಿಂಡಿ, ಹಿತ್ತಲಿನ ಹಗ್ಗದ ಮೇಲೆ ಬೇರೆ ಸೀರೆಯ ಅಡಿಯಲ್ಲಿ, ಅರ್ಧ ಕಾಣುವಂತೆ ಅರ್ಧ ಕಾಣದಂತೆ ಒಣಹಾಕುತ್ತಿದ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಆ ಮೂರು ದಿನ ಶಾಲೆಗೆ ಹೋಗಿ ಬರುತ್ತಿದ್ದೆ, ಆದರೆ ಮನೆಯೊಳಗೆ ಯಾರೂ ಮುಟ್ಟುತ್ತಿರಲಿಲ್ಲ. ಮಗಳು ಓಡಿ ಬಂದರೆ ಅತ್ತೆ ದೂರದಿಂದಲೇ ಗದರುತ್ತಿದ್ದರು. ನನ್ನ ಗಂಡ ಸಂಜೆ ಹೊನ್ನಾಳಿಯ ಬಸ್ಸಿಳಿದು ಬಂದ ಕೂಡಲೇ ಅತ್ತೆ ಇಡೀ ಓಣಿಗೆ ಕೇಳುವ ಹಾಗೆ, "ನಿನ್ ಹೆಂಡ್ತಿ ಹೊರಗಾಗವಳೆ, ಆ ಕಡೆ ಹೋಗಬ್ಯಾಡ" ಎಂದು ಕೂಗುತ್ತಿದ್ದರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗೋಣ ಅನ್ನಿಸುತ್ತಿತ್ತು. ನನ್ನ ಗಂಡ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಅವರಿಗೆ ನಿಜ ಗೊತ್ತಿತ್ತು. ಒಂದು ಸಲವಾದರೂ ಆ ಮೂಲೆಯ ಕಡೆ ತಿರುಗಿ ಒಂದು ಸಣ್ಣ ನಗು ನಕ್ಕಿದ್ದರೆ ಇದೊಂದು ನಮ್ಮಿಬ್ಬರ ಆಟ ಅಂದುಕೊಂಡು ಇದ್ದುಬಿಡುತ್ತಿದ್ದೆ. ಅವರು ನೋಡಲೇ ಇಲ್ಲ. ಬರಬರುತ್ತಾ ನಾನು ನಿಜವಾಗಿಯೂ ಹೊರಗಾಗಿದ್ದೇನೆಂದು ಅವರೂ ನಂಬಿಬಿಟ್ಟರೇನೋ ಅನ್ನಿಸತೊಡಗಿತು.

ಇದರ ಮಧ್ಯೆ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರೆ ಎದೆಯಿಂದ ಬಿಸಿ ಎದ್ದು ಕುತ್ತಿಗೆಗೆ, ಮುಖಕ್ಕೆ, ನೆತ್ತಿಗೆ ಏರುತ್ತಿತ್ತು. ಪುಷ್ಯದ ಚಳಿಯಲ್ಲೂ ರವಿಕೆ ತೊಯ್ದು ಹೋಗುತ್ತಿತ್ತು. ಬಳಪ ಕೈಯಲ್ಲಿ ಜಾರುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಿದ್ದೆ ಅನ್ನುವುದು ಮರೆತೇಹೋಯಿತು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಅಳು ಬಂದರೂ ನೀರು ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣು ಬಗ್ಗುತ್ತಿರಲಿಲ್ಲ. ಮಗ್ಗಿ ಹೇಳಿಕೊಡುವಾಗ ಹದಿನೇಳರ ಮಗ್ಗಿ ನಡುವೆ ಮರೆತು ನಿಂತೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಗಂಡನ ಪಕ್ಕದಲ್ಲಿ ಮಲಗುವುದೆಂದರೆ ನೋವಾಗಿ, ಬೇಡವೆಂದು ಹೇಳಲು ಬಾಯಿ ಬಾರದೆ, ಸುಮ್ಮನೆ ಸಿಡಿಮಿಡಿಗುಟ್ಟುತ್ತಿದ್ದೆ. ಅವರು ಜಗಲಿಯಲ್ಲಿ ಹಾಸಿಕೊಳ್ಳಲು ಶುರುಮಾಡಿದರು. ಅಲ್ಲಿ ಗಾಳಿ ಚೆನ್ನಾಗಿದೆ ಅಂದರು.

ಮನೆಯಲ್ಲಿ ನನಗೆ ಸಿಡುಕಿ ಅನ್ನುವ ಹೆಸರು ಬಂತು. ಶಾಲೆಯಲ್ಲಿ ಮಕ್ಕಳು, "ಟೀಚರ್ ಬಂದರೆ ಮಳೆ ಗುಡುಗು ಒಟ್ಟಿಗೇ" ಅನ್ನುತ್ತಿದ್ದರಂತೆ. ಮೂವತ್ತೈದಕ್ಕೆ ನಾನು ಮುದುಕಿಯಾಗುತ್ತಿದ್ದೆ, ಅದು ನನಗೊಬ್ಬಳಿಗೇ ಗೊತ್ತಿತ್ತು, ಯಾಕೆಂದು ಮಾತ್ರ ಗೊತ್ತಿರಲಿಲ್ಲ.

ಅತ್ತೆ ಇದಕ್ಕೆಲ್ಲ ಒಂದೇ ಹೆಸರಿಟ್ಟಿದ್ದರು: ಉಷ್ಣ. "ನಿಂಗೆ ಉಷ್ಣ ಜಾಸ್ತಿ ಆಗೈತೆ" ಎಂದು ಶನಿವಾರ ಶನಿವಾರ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದರು. ನಾನು ಮೂಲೆಯಲ್ಲಿ ಕೂತ ದಿನಗಳಲ್ಲಿ ಕಾಮಕಸ್ತೂರಿ ಬೀಜ ನೆನೆಸಿದ ನೀರನ್ನು ಚೊಂಬಿಗೆ ಹಾಕಿ, ಮುಟ್ಟದೆ, ಕಾಲಿನಿಂದ ಮೆಲ್ಲಗೆ ನನ್ನ ಕಡೆ ತಳ್ಳುತ್ತಿದ್ದರು. ಕಾಲಿನಿಂದ ತಳ್ಳಿದ್ದಕ್ಕೆ ನನಗೆ ಉರಿಯುತ್ತಿತ್ತು. ನೀರು ಮಾತ್ರ ಕುಡಿಯುತ್ತಿದ್ದೆ.

ಹೊನ್ನಾಳಿಯ ಆಸ್ಪತ್ರೆಗೆ ಹತ್ತಾರು ಸಲ ಹೋದೆ. ಅಲ್ಲಿ ಚೀಟಿ ಬರೆಯುತ್ತಿದ್ದ ಕಾಂಪೌಂಡರು ನ್ಯಾಮತಿಯವರು, ನಮ್ಮ ಅತ್ತೆಯನ್ನು ಅಕ್ಕ ಎಂದು ಕರೆಯುವವರು. ಡಾಕ್ಟರು ಅವರ ಎದುರಿಗೇ, "ತಿಂಗಳಿಂದು ಸರಿಯಾಗಿ ಆಗ್ತೈತೇನಮ್ಮ?" ಎಂದು ಕೇಳುತ್ತಿದ್ದರು. ನಾನು ಕಾಂಪೌಂಡರ ಮುಖ ನೋಡಿ, "ಸರಿಯಾಗಿ ಆಗ್ತೈತೆ ಸಾರ್" ಅನ್ನುತ್ತಿದ್ದೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಮಂಡಿನೋವಿಗೆ ಮಂಡಿ ನೋಡಿದರು, ಕಣ್ಣಿನುರಿಗೆ ಕಣ್ಣು ನೋಡಿದರು, ಎದೆಬಡಿತಕ್ಕೆ ನರದೌರ್ಬಲ್ಯ ಎಂದು ಟಾನಿಕ್ ಬರೆದರು. ಒಬ್ಬರಂತೂ, "ಮನೇಲಿ ಅತ್ತೆ ಜೊತೆ ಹೊಂದಾಣಿಕೆ ಹೆಂಗೆ?" ಅಂದರು. ಯಾರ ತಪ್ಪೂ ಇರಲಿಲ್ಲ. ಉತ್ತರವನ್ನು ನಾನೇ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಪ್ರಶ್ನೆ ಕೇಳಲು ಹೋಗುತ್ತಿದ್ದೆ.

ಮಗಳಿಗೆ ಹದಿಮೂರಾದಾಗ ಅವಳು ದೊಡ್ಡವಳಾದಳು. ಆರತಿ, ಹಾಡು, ಕೊಬ್ಬರಿ ಬೆಲ್ಲ ಎಲ್ಲ ಆಯಿತು. ಎರಡನೇ ಸಲ ಅವಳು ಆ ಮೂಲೆಗೆ ಬಂದಾಗ ನನ್ನ ಸುಳ್ಳಿನ ದಿನವೂ ಅದೇ ಆಗಿತ್ತು. ಚಾಪೆಯ ಮೇಲೆ ಇಬ್ಬರೂ ಪಕ್ಕ ಪಕ್ಕ ಕೂತೆವು. ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿದ್ದಳು. ನಾನು ನೆಟ್ಟಗೆ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

"ಅಮ್ಮಾ, ನಿಂಗೆ ನೋಯಲ್ವಾ?" ಅಂದಳು.

"ನಂಗೆ ರೂಢಿ ಆಗೈತೆ."

"ನಂಗೆ ಯಾವಾಗ ರೂಢಿ ಆಗ್ತೈತೆ?"

ನನ್ನ ಕೈಲಿದ್ದ ಕೆಂಪು ಪೆನ್ನು ನಿಂತುಹೋಯಿತು. ನನ್ನ ಮಗುವಿನ ಮೊದಲ ನೋವಿನ ಪಕ್ಕದಲ್ಲಿ ಕೂತು ನಾನು ನಾಟಕ ಆಡುತ್ತಿದ್ದೆ. ಬೇರೆ ತಾಯಂದಿರು ಹೇಳುವ ಯಾವ ಮಾತನ್ನೂ ನಾನು ಹೇಳಲಾಗಲಿಲ್ಲ. ಎಷ್ಟು ಒಂಟಿ ಅನ್ನಿಸಿತೆಂದರೆ, ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿದ್ದರೂ ಬೇರೆ ಯಾವುದೋ ಊರಲ್ಲಿ ಕೂತ ಹಾಗಿತ್ತು.

ಅದೇ ವರ್ಷ ನನಗೆ ಚನ್ನಗಿರಿಗೆ ವರ್ಗವಾಯಿತು. ಮಗಳ ಓದು ಕೆಡಬಾರದೆಂದು ಅವಳನ್ನು ಅಜ್ಜಿಯ ಹತ್ತಿರವೇ ಬಿಟ್ಟು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ಸುಳ್ಳು ಮುಟ್ಟು ತಪ್ಪಿತೆಂದು ಮೊದಲ ತಿಂಗಳು ಹಗುರಾಯಿತು. ಎರಡನೇ ತಿಂಗಳು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಕ್ಯಾಲೆಂಡರ್ ನೋಡಿ ಆ ಮೂರು ದಿನ ಬಂದಾಗ ಯಾರೂ ಇಲ್ಲದ ಕೋಣೆಯಲ್ಲಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದೆ. ದೂರ ಇರಿ ಅನ್ನಲೂ ಅಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಹಾಜರಿ ಪುಸ್ತಕ ಹಿಡಿದು ಶಾಲೆಯ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತು. ಬಿದ್ದಿದ್ದು ಒಂದೇ ಮೆಟ್ಟಿಲು. ಊರಿದ ಕೈ ಮುಂಗೈ ಹತ್ತಿರ ಮುರಿಯಿತು. ಊರಿನ ಆಸ್ಪತ್ರೆಗೆ ಆಗಷ್ಟೇ ಬಂದಿದ್ದ ಲೇಡಿ ಡಾಕ್ಟರು ಒಬ್ಬರಿದ್ದರು, ನನಗಿಂತ ಹತ್ತು ವರ್ಷ ಚಿಕ್ಕವರು. ಪ್ಲಾಸ್ಟರ್ ಹಾಕಿಸಿ, ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಟೀಚರ್, ನಿಮಗೆ ವಯಸ್ಸೆಷ್ಟು?"

"ನಲವತ್ತು."

"ಇಷ್ಟು ಸಣ್ಣದಾಗಿ ಬಿದ್ದರೆ ನಲವತ್ತರ ಮೂಳೆ ಹೀಗೆ ಮುರಿಯಬಾರದು. ತಿಂಗಳ ಮುಟ್ಟು ಸರಿಯಾಗಿ ಆಗ್ತಾ ಇದೆಯಾ?"

"ಆಗ್ತಾ ಇದೆ" ಅಂದೆ. ಬಾಯಿಗೆ ಅದೇ ಬಂತು. ಅಲ್ಲಿ ನ್ಯಾಮತಿಯವರು ಯಾರೂ ಇರಲಿಲ್ಲ, ಕಾಂಪೌಂಡರೂ ಇರಲಿಲ್ಲ. ಎದ್ದು ಬಾಗಿಲ ತನಕ ಹೋದೆ. ಅಲ್ಲಿ ನಿಂತೆ. ತಿರುಗಿ ಬಂದು, "ಇಲ್ಲ ಡಾಕ್ಟ್ರೇ, ಒಂಬತ್ತು ವರ್ಷದಿಂದ ಇಲ್ಲ" ಅಂದೆ.

ಅವರು ಬೈಯಲಿಲ್ಲ. ಹೊಟ್ಟೆಯ ಗಾಯದ ಗುರುತು ನೋಡಿದರು. "ಅಂಡಾಶಯ ಉಳಿಸಿದ್ದಾರಾ, ಅವನ್ನೂ ತೆಗೆದಿದ್ದಾರಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗರ್ಭಕೋಶ ಒಂದು, ಅಂಡಾಶಯ ಇನ್ನೊಂದು ಎನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ. ನನ್ನ ಹೊಟ್ಟೆಯಲ್ಲೂ ಅವು ಬೇರೆ ಬೇರೆ ಇದ್ದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ದಾವಣಗೆರೆಯ ಚೀಟಿ ರಜೆಯ ಅರ್ಜಿಗಳ ಜೊತೆ ನನ್ನ ಟ್ರಂಕಿನಲ್ಲೇ ಇತ್ತು. ಮಾರನೇ ದಿನ ತಂದು ಕೊಟ್ಟೆ. ಆ ಗೀಚು ಇಂಗ್ಲಿಷನ್ನು ಅವರು ಓದಿ, "ಎರಡು ಅಂಡಾಶಯವನ್ನೂ ತೆಗೆದಿದ್ದಾರೆ. ಎರಡರಲ್ಲೂ ಗಡ್ಡೆ ಇತ್ತಂತೆ. ತೆಗೆಯಲೇಬೇಕಿತ್ತು" ಅಂದರು.

ಆಮೇಲೆ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಚಿತ್ರ ಬರೆದು ಹೇಳಿಕೊಟ್ಟರು. ಅಂಡಾಶಯ ಬರೀ ಮಕ್ಕಳಿಗಾಗಿ ಇರುವುದಲ್ಲ. ಅದು ತಯಾರಿಸುವ ಹಾರ್ಮೋನು ರಕ್ತದಲ್ಲಿ ಸೇರಿ ಮೈಯೆಲ್ಲ ಓಡಾಡುತ್ತದೆ. ಮೂಳೆಯ ಗಟ್ಟಿತನ ಅದರಿಂದ, ಹೃದಯಕ್ಕೂ ರಕ್ತನಾಳಕ್ಕೂ ಅದರ ಆಸರೆ ಬೇಕು, ಮೈಯ ಬಿಸಿ ಅಳೆಯುವ ಮೆದುಳಿನ ಭಾಗಕ್ಕೆ ಅದು ಬೇಕು, ನಿದ್ದೆಗೆ, ನೆನಪಿಗೆ, ಚರ್ಮದ ಮತ್ತು ಕಣ್ಣಿನ ಪಸೆಗೆ, ಮನಸ್ಸಿನ ಸಮಾಧಾನಕ್ಕೆ ಬೇಕು. ಬೇರೆ ಹೆಂಗಸರಿಗೆ ನಲವತ್ತೈದು ಐವತ್ತಕ್ಕೆ ಅದು ಮೆಲ್ಲಗೆ ಕಡಿಮೆಯಾಗುತ್ತದೆ. ನನಗೆ ಮೂವತ್ತೊಂದಕ್ಕೆ ಒಂದೇ ದಿನದಲ್ಲಿ ನಿಂತುಹೋಗಿತ್ತು.

"ಆಗಲೇ ಯಾರಿಗಾದರೂ ಹೇಳಿದ್ದರೆ ಆ ಹಾರ್ಮೋನಿನ ಗುಳಿಗೆ ಕೊಡುತ್ತಿದ್ದರು. ಮೂಳೆ ಇಷ್ಟು ಸವೆಯುತ್ತಿರಲಿಲ್ಲ" ಅಂದರು. "ಈಗ ಶುರುಮಾಡೋಣ. ಬಿಸಿ, ನಿದ್ದೆ ಇವೆಲ್ಲ ಸರಿಹೋಗುತ್ತೆ. ಮೂಳೆ ಮಾತ್ರ ಹೋಗಿದ್ದೆಲ್ಲ ವಾಪಸ್ ಬರಲ್ಲ."

ಕೋಣೆಗೆ ಬಂದು ಒಂದೇ ಕೈಯಲ್ಲಿ ಬಾಗಿಲ ಚಿಲಕ ಹಾಕಿ ಕೂತೆ. ಸಿಡುಕಿ ನಾನಾಗಿರಲಿಲ್ಲ. ಸೋಮಾರಿಯೂ ಅಲ್ಲ, ಹುಚ್ಚಿಯೂ ಅಲ್ಲ. ಅದು ಗೊತ್ತಾಗಿ ಸಮಾಧಾನವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. ಇನ್ನು ಅತ್ತೆಗೆ ಹೇಳಿಬಿಡಬೇಕು, ಅವರು ಮಗನಿಗೆ ಇನ್ನೊಂದು ಮದುವೆ ಮಾಡುವುದಾದರೆ ಮಾಡಲಿ ಅಂದುಕೊಂಡೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊನ್ನಾಳಿಗೆ ಹೋಗಿ, ಅಲ್ಲಿಂದ ಬಸ್ ಬದಲಾಯಿಸಿ ನ್ಯಾಮತಿಗೆ ಬಂದೆ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಗಂಡ ಇನ್ನೂ ಕಛೇರಿಯಿಂದ ಬಂದಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದರು. ನನ್ನ ಪ್ಲಾಸ್ಟರ್ ನೋಡಿ ಗಾಬರಿಯಾದರು. ನಾನು ಎದುರಿಗೆ ಕೂತು, ಎಲ್ಲಿ ಧೈರ್ಯ ಹೋಗಿಬಿಡುತ್ತದೋ ಎಂದು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗರ್ಭಕೋಶ, ಅಂಡಾಶಯ, ಒಂಬತ್ತು ವರ್ಷದ ಸುಳ್ಳು.

ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ನಂಗೊತ್ತಿತ್ತು ಬಿಡು" ಅಂದರು.

"ಏನು ಗೊತ್ತಿತ್ತು ಅತ್ತೆ?"

"ಅವೇ ಎಲ್ಡು ಬಟ್ಟೆ. ನೀಲಿ ಅಂಚಿನವು. ಒಂದು ಕಲೆ ಇಲ್ಲ, ಒಂದು ತೂತಿಲ್ಲ. ಹೆಂಗಸಿನ ಬಟ್ಟೆ ವರ್ಷದಾಗೇ ಜಾಳಾಗಿ ಹೋಗ್ತವೆ. ಒಂಬತ್ತು ವರ್ಷ ಹಂಗೇ ಇರಾಕೆ ಅವೇನು ದೇವ್ರ ಬಟ್ಟೆನಾ? ಮೊದಲ್ನೇ ವರ್ಷಾನೇ ಗೊತ್ತಾತು ನಂಗೆ. ಆ ಬೆವರು ನೋಡಿ ಇನ್ನೂ ಖಾತ್ರಿ ಆತು. ನಂಗೆ ಮುಟ್ಟು ನಿಂತಾಗ ನಾನೂ ಹಂಗೇ ಬೆವರಿದ್ದೆ."

"ಮತ್ತೆ ಉಷ್ಣ ಅಂತಿದ್ರಿ?"

"ಇನ್ನೇನು ಅನ್ನಲಿ? ನಾಕು ಜನದ ಮುಂದೆ ಅದನ್ನ ಅನ್ನಾಕೆ ಆಗ್ತೈತಾ?"

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಅತ್ತೆ? ಒಂದ್ಸಲ ಕೇಳಬಾರದಿತ್ತಾ?"

ಅವರು ಒಂದು ಹಿಡಿ ಜೋಳ ಕೈಗೆತ್ತಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ ಮಾತು ಹೊರಗೆ ಬರ್ತಿತ್ತು. ನನ್ ಮಗನ ಕಿವಿಗೆ ಬಿದ್ರೆ? ಅವನು ಗಂಡಸು. ಇನ್ನೊಬ್ಳನ್ನ ಕಟ್ಕಂತೀನಿ ಅಂದ್ರೆ ನಾನು ಹೆಂಗೆ ತಡೀಲಿ? ಕುಂತ್ಕಳ್ಳಿ ಬಿಡು, ಅವನಿಗೆ ಗೊತ್ತಾಗಬಾರದು ಅಂತ ನಾನೇ ಜೋರಾಗಿ ಕೂಗಿ ಹೇಳ್ತಿದ್ದೆ, ಹೊರಗಾಗವಳೆ ಅಂತ. ಅವನು ನಂಬ್ಲಿ ಅಂತ."

ಒಂಬತ್ತು ವರ್ಷ ನಾನು ಹೆದರಿದ್ದು ಇವರಿಗೆ. ಇವರು ಹೆದರಿದ್ದು ತಮ್ಮ ಮಗನಿಗೆ. ತಾಯಿಯ ಮುಂದೆ ಮಗನ ವಿಷಯ ಹೇಳುವುದು ಸುಲಭವಲ್ಲ. ಆದರೆ ಸುಳ್ಳು ಹೇಳಿ ಹೇಳಿ ನನ್ನ ಮೂಳೆ ಸವೆದಿತ್ತು.

"ಅವರಿಗೆ ಗೊತ್ತಿತ್ತು ಅತ್ತೆ" ಅಂದೆ. "ಆಸ್ಪತ್ರೇಲೇ ಗೊತ್ತಿತ್ತು. ಅವ್ವನಿಗೆ ಹೇಳಬ್ಯಾಡ ಅಂದಿದ್ದೇ ಅವರು."

ಅತ್ತೆ ನನ್ನನ್ನೇ ನೋಡಿದರು. ಅವರ ಕೈಯಲ್ಲಿದ್ದ ಒಂದು ಹಿಡಿ ಜೋಳ ಮೊರಕ್ಕೆ ಉದುರಿತು. "ಗೊತ್ತಿದ್ದೂ," ಅಂದರು, ಮೂಲೆಯ ಕಡೆ ತಿರುಗಿ, "ನಿನ್ನ ಅಲ್ಲಿ ಕುಂದ್ರಾಕೆ ಬಿಟ್ನಾ?"

ನನ್ನ ಗಂಡ ಕೆಟ್ಟವರಲ್ಲ. ಆವತ್ತೂ ಹಾಗೆಂದುಕೊಂಡಿದ್ದೆ, ಈಗಲೂ ಹಾಗೇ ಅನ್ನುತ್ತೇನೆ. ಅತ್ತೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ಪ್ಲಾಸ್ಟರಿನ ತುದಿಯಲ್ಲಿ ಹೊರಗೆ ಕಾಣುತ್ತಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡರು.

ಸಂಜೆಯ ಬಸ್ಸು ಬಂತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. "ಅವ್ವಾ, ಅವಳು ಬಂದಳಾ?" ಎಂದು ನನ್ನ ಗಂಡ ಕೂಗಿದರು. ನಾವಿಬ್ಬರೂ ಓ ಅನ್ನಲಿಲ್ಲ.